ಅರಿಷಿಣ ಎಲ್ಲಿ ಹೋಯ್ತು?

ಭಾಗ 1

ಮೊದಲು ಎರಡು ಫೋಟೊ ಸ್ವೈಪ್ ಮಾಡಿ ನೋಡ್ರಿ, ಆಮೇಲೆ ಓದ್ರಿ. ಎರಡೂ ಒಂದೇ ಫೋಟೊ. ಈ ಮೇ ತಿಂಗಳು ದೇವದುರ್ಗದಲ್ಲಿ ನಮ್ಮ ಕಾಕಾನ ಮಗಳು ಅಕ್ಕನ ಮದುವೆ ಆತು. ಇದು ಅರಿಷಿಣ ಹಚ್ಚಿದ ದಿನದ್ದು. ಮುಖ ಇರೋದು ಹಾಕಿಲ್ಲ, ಬರೀ ಕೈ ಅದ. ಅದನ್ನೂ ಅಕ್ಕನ್ನ ಕೇಳೇ ಹಾಕೀನಿ.

ಮದುವೆ ಮನೆಯಲ್ಲಿ ನಾನೇ ಫೋಟೊಗ್ರಾಫರ್. ಪುಕ್ಕಟೆ. ರಾಯಚೂರಿಗೆ ವಾಪಸ್ ಬಂದ ರಾತ್ರಿನೇ ಕೂತು 140 ಫೋಟೊಗೆ ಒಂದೇ ಪ್ರಿಸೆಟ್ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟೆ. 99 ರೂಪಾಯಿ ಕೊಟ್ಟು ಕೊಂಡಿದ್ದ ಪ್ರಿಸೆಟ್ ಅದು. ನಿಮಗೂ ಗೊತ್ತಿರೋದೇ: ನೆರಳೆಲ್ಲ ನೀಲಿ-ಹಸಿರು, ಬೆಳಕೆಲ್ಲ ಆರೆಂಜ್, ಮುಖ ಎಲ್ಲ ಕೆನೆ ಬಣ್ಣ. ನನಗಂತೂ ಸಿನಿಮಾ ನೋಡಿದಂಗ ಅನಿಸಿತ್ತು.

ಬೆಳಿಗ್ಗೆ ಮೊದಲ ಮೆಸೇಜ್ ದೊಡ್ಡಮ್ಮಂದು. "ಅರಿಷಿಣ ಎಲ್ಲಿ ಹೋಯ್ತೋ? ಒಂದು ಬಟ್ಟಲ ತುಂಬ ಕಲಿಸಿದ್ವಲ್ಲ."

ಝೂಮ್ ಮಾಡಿ ನೋಡಿದೆ. ಹೌದು, ಅರಿಷಿಣ ಇರಲಿಲ್ಲ. ಅಕ್ಕನ ಕೈಗೆ, ಕೆನ್ನೆಗೆ ಬೂದಿ ಬಳಿದಂಗ ಕಾಣ್ತಿತ್ತು. ಅದರ ಕೆಳಗ ಯಾರೋ ಒಬ್ಬರು ಬರೆದಿದ್ದರು, "ಹುಡುಗಿ ಎಷ್ಟು ಬೆಳ್ಳಗಾಗ್ಯಾಳ!" ಜೊತೆಗೆ ನಾಲ್ಕು ಹಾರ್ಟ್. ಅಕ್ಕ ಗ್ರೂಪಿನಲ್ಲಿ ಏನೂ ಬರೀಲಿಲ್ಲ. ನನಗೆ ಬೇರೆ ಮೆಸೇಜ್ ಮಾಡಿದಳು. "ಅರಿಷಿಣ ಹೋದ್ರ ಹೋಗಲಿ ಬಿಡು. ನಾನಾ ಇಲ್ಲಲ್ಲೋ ಇದರಾಗ."

ಅಕ್ಕ ಕಪ್ಪು. ಸಣ್ಣವಳಿದ್ದಾಗಿಂದ ಅದನ್ನ ಕೇಳಿಸಿಕೊಂಡೇ ಬೆಳೆದವಳು. ಹೆಣ್ಣು ನೋಡೋಕೆ ಬಂದವರು ಒಮ್ಮೆ ಅವಳ ಎದುರಿಗೇ ಅಂದಿದ್ದರು, ನಾನೂ ಅಲ್ಲೇ ಇದ್ದೆ. ಅವಳ ಮದುವೆ ಫೋಟೊದಾಗ ನಾನೂ ಅದನ್ನೇ ಅಂದಂಗಾತು, ಬಾಯಿ ಬಿಡದೇನೇ.

ಭಾಗ 2 (ಒಂದು ಕ್ಯಾಪ್ಶನ್ನಿಗೆ 2200 ಅಕ್ಷರ ಅಷ್ಟೇ, ಅದಕ್ಕೇ ತುಂಡು ತುಂಡು)

ಆ ಪ್ರಿಸೆಟ್ ಒಳಗ ಏನದ ಅಂತ ಬಿಚ್ಚಿ ನೋಡಿದೆ. ನೀವೂ ನಿಮ್ಮ ಪ್ರಿಸೆಟ್ ಬಿಚ್ಚಿ ನೋಡ್ರಿ. ಲೈಟ್‌ರೂಮ್‌ನಲ್ಲಿ ಕಲರ್ ಮಿಕ್ಸ್ ಅಂತ ಒಂದು ಜಾಗ ಅದ, ಅಲ್ಲಿ ಒಂದೊಂದು ಬಣ್ಣಕ್ಕೂ ಮೂರು ಸ್ಲೈಡರ್: ಹ್ಯೂ, ಸ್ಯಾಚುರೇಶನ್, ಲುಮಿನನ್ಸ್. ನನ್ನದರಲ್ಲಿ ಹಳದಿಯ ಸ್ಯಾಚುರೇಶನ್ ಪೂರ್ತಿ ಕೆಳಗ ಇತ್ತು. ಅರಿಷಿಣ ಮಾಯ ಆಗಿದ್ದು ಅಲ್ಲಿ. ಆರೆಂಜ್‌ನ ಲುಮಿನನ್ಸ್ ಮೇಲಕ್ಕೆ ಹೋಗಿತ್ತು. ಅಕ್ಕ ಮಾಯ ಆಗಿದ್ದು ಅಲ್ಲಿ.

ಇದನ್ನ ಸ್ವಲ್ಪ ನಿಧಾನಕ್ಕೆ ಓದ್ರಿ, ನನಗೂ ತಡವಾಗಿ ತಿಳೀತು. ಬೆಳ್ಳಗಿರಲಿ ಕಪ್ಪಿರಲಿ, ಮನುಷ್ಯರ ಚರ್ಮದ ಹ್ಯೂ ಹೆಚ್ಚು ಕಮ್ಮಿ ಒಂದೇ ಕಡೆ ಬೀಳ್ತದ, ಆರೆಂಜ್‌ನ ಆಸುಪಾಸು. ಸಿನಿಮಾ ಕಲರಿಸ್ಟ್‌ಗಳು ನೋಡೋ ವೆಕ್ಟರ್‌ಸ್ಕೋಪ್‌ನಲ್ಲಿ ಚರ್ಮಕ್ಕೆ ಅಂತನೇ ಒಂದು ಗೆರೆ ಅದ, ಎಲ್ಲಾರದೂ ಅದರ ಅಕ್ಕಪಕ್ಕನೇ. ನಮ್ಮ ನಮ್ಮ ನಡುವೆ ಕಣ್ಣಿಗೆ ಹೊಡೆಯೋ ವ್ಯತ್ಯಾಸ ಎಷ್ಟು ಬೆಳಕು, ಎಷ್ಟು ಗಾಢ ಅನ್ನೋದರಲ್ಲಿ. ಅಂದಮೇಲೆ ಆರೆಂಜ್ ಲುಮಿನನ್ಸ್ ಸ್ಲೈಡರ್ ಏನು? ಫೇರ್‌ನೆಸ್ ಕ್ರೀಮ್. ಆ ಕ್ರೀಮಿನ ಕಂಪನಿಯವರೇ 2020ರಲ್ಲಿ ಡಬ್ಬಿ ಮೇಲಿಂದ "ಫೇರ್" ತೆಗೆದು "ಗ್ಲೋ" ಅಂತ ಹಾಕಿದರು. ನಾವು ಮಾತ್ರ "ಕ್ರೀಮಿ ಟೋನ್" ಅಂತ ಹೆಸರಿಟ್ಟು ಹಚ್ಚಿಕೋತಾ ಕೂತೀವಿ.

ಇದು ಹೊಸ ರೋಗ ಅಲ್ಲ. ರೀಲ್ ಇದ್ದ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಶರ್ಲಿ ಕಾರ್ಡ್ ಅಂತ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೊ. ಅವಳ ಚರ್ಮ ಸರಿಯಾಗಿ ಬಂದ್ರ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಮಂದಿ ಆ ಲೆಕ್ಕದಾಗ ಇರಲಿಲ್ಲ. ಫಿಲ್ಮ್‌ನಲ್ಲಿ ಕಂದು ಬಣ್ಣಗಳು ಸುಧಾರಿಸಿದ್ದು ಚಾಕೊಲೇಟ್ ಮಾರೋರು, ಮರದ ಫರ್ನಿಚರ್ ಮಾರೋರು ದೂರು ಕೊಟ್ಟ ಮೇಲೆ ಅಂತ ಓದಿದಾಗ ನಗಬೇಕೋ ಅಳಬೇಕೋ ತಿಳೀಲಿಲ್ಲ. 2022ರಲ್ಲಿ ಗೂಗಲ್ ಕಂಪನಿ ಹಾರ್ವರ್ಡ್‌ನ ಎಲಿಸ್ ಮಾಂಕ್ ಅನ್ನೋರು ಮಾಡಿದ ಚರ್ಮದ ಬಣ್ಣದ ಪಟ್ಟಿ ಬಿಡುಗಡೆ ಮಾಡಿತು, ಅದರಲ್ಲಿ 10 ಮೆಟ್ಟಿಲು. ನಮ್ಮ ಮನೆಯ ಗ್ರೂಪ್ ಫೋಟೊ ಒಂದರಲ್ಲೇ ಅದರ ಅರ್ಧ ಸಿಗ್ತಾವ.

ಭಾಗ 3

ಟೋನಿಂಗೇ ಬಿಟ್ಟುಬಿಡ್ರಿ ಅಂತ ನಾನು ಹೇಳ್ತಿಲ್ಲ. "ನೋ ಫಿಲ್ಟರ್" ಅಂತ ಎದೆ ತಟ್ಟಿಕೊಳ್ಳೋರ ಜೊತೆನೂ ನನ್ನ ಜಗಳ ಅದ. ನಿಮ್ಮ ಫೋನ್ ತಾನಾಗೇ ಬಣ್ಣ ಬದಲಿಸಿನೇ ಫೋಟೊ ಕೊಡೋದು. ಟೋನಿಂಗ್ ಕಂಪ್ಯೂಟರಿಗಿಂತ ಎಷ್ಟೋ ಹಳೇದು. ಕತ್ತಲೆ ಕೋಣೆಯಲ್ಲಿ ಸೆಪಿಯಾ ಮಾಡೋವಾಗ ಪ್ರಿಂಟಿನ ಬೆಳ್ಳಿ ಹೋಗಿ ಬೆಳ್ಳಿಯ ಸಲ್ಫೈಡ್ ಆಗ್ತಿತ್ತು. ಕಂದು ಬಣ್ಣ ಬರ್ತಿತ್ತು, ಮೇಲಾಗಿ ಫೋಟೊ ಬಾಳಿಕೆ ಹೆಚ್ಚಾಗ್ತಿತ್ತು. ಅಲ್ಲಿ ಟೋನ್ ಕೊಡೋದು ಅಂದ್ರ ಫೋಟೊ ಕಾಪಾಡೋದೂ ಹೌದು.

ಸಿನಿಮಾದವರದೂ ನೋಡ್ರಿ. 2000ದಲ್ಲಿ ಬಂದ "ಓ ಬ್ರದರ್, ವೇರ್ ಆರ್ಟ್ ದೌ" ಸಿನಿಮಾನ ಕೋಯೆನ್ ಸಹೋದರರು ಮಿಸಿಸಿಪ್ಪಿಯಲ್ಲಿ ತೆಗೆದಾಗ ಸುತ್ತ ಎಲ್ಲ ಹಚ್ಚ ಹಸಿರು. ಅವರಿಗೆ ಬೇಕಿದ್ದದ್ದು ಧೂಳು ಹಿಡಿದ ಬರಗಾಲದ ಬಣ್ಣ. ಕ್ಯಾಮೆರಾಮನ್ ರೋಜರ್ ಡೀಕಿನ್ಸ್ ಇಡೀ ಸಿನಿಮಾನ ಡಿಜಿಟಲ್ ಮಾಡಿಸಿ ಆ ಹಸಿರನ್ನ ಒಣ ಹಳದಿ ಮಾಡಿದರು. ಕಥೆಗೆ ಬೇಕಿತ್ತು, ಮಾಡಿದರು. ಕೆಜಿಎಫ್ ಕಪ್ಪಗಿದ್ದದ್ದೂ ಹಂಗೇ, ಗಣಿಯ ಕಥೆ ಅದು. 2018ರಲ್ಲಿ ಆ ಸಿನಿಮಾ ಬಂದ ಮೇಲೆ ನಮ್ಮ ಹುಡುಗರು ಮಿರ್ಚಿ ಭಜಿ ಬಂಡಿ ಮುಂದೆ ನಿಂತ ಫೋಟೊನೂ ಕಲ್ಲಿದ್ದಲು ಮಾಡಿದರಲ್ಲ, ಅದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ.

ಧೂಳಿನ ಹಳದಿ ಮಾಡೋ ಕೆಲಸ ನಾನೂ ಮಾಡೀನಿ, ಕಥೆ ಇಲ್ಲದೇನೇ. ಹೋದ ವರ್ಷ ಮಾನ್ವಿಯಲ್ಲಿ ಮಾಮಾನ ನೆಲ್ಲಿನ ಗದ್ದೆ ಫೋಟೊ ತೆಗೆದಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಕಣ್ಣು ಕುಕ್ಕೋ ಹಸಿರು. ನಾನು ಹಸಿರಿನ ಹ್ಯೂ ಎಳೆದು "ಮೂಡಿ ಬ್ರೌನ್" ಮಾಡಿ ಪೋಸ್ಟ್ ಹಾಕಿದೆ. ಯಾರೋ ಅದನ್ನ ಮಾಮಾಗ ತೋರಿಸ್ಯಾರ. ಫೋನ್ ಬಂತು: "ಏ ಅಳಿಯ, ಯಾರ ಹೊಲ ಅದು? ಬೆಳಿ ಒಣಗೇದಲ್ಲ." ಮಾಮಾ, ನಿಮ್ಮದೇ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾಲುವೆಯ ಕೊನೆ ಭಾಗಕ್ಕೆ ನೀರು ಬರ್ತದೋ ಇಲ್ಲೋ ಅಂತ ರಾತ್ರಿ ಎದ್ದು ಹೋಗಿ ನೋಡೋ ಮನುಷ್ಯ ಅವರು. ಅವರ ಬೆಳೆನ ನಾನು ಒಂದು ಸ್ಲೈಡರ್‌ನಲ್ಲಿ ಒಣಗಿಸಿದ್ದೆ.

ಬಿಕಾಂ ಕ್ಲಾಸಿನಲ್ಲಿ ವಿಂಡೋ ಡ್ರೆಸ್ಸಿಂಗ್ ಓದಿದ್ದು ನೆನಪದ ಅಲ್ಲ? ಕಂಪನಿ ಇರೋದಕ್ಕಿಂತ ಚೆಂದ ಕಾಣೋ ಹಂಗ ಲೆಕ್ಕ ಜೋಡಿಸಿ ಇಡೋದು. ನಾವು ಮಾಡೋದು ಎಷ್ಟೋ ಸಲ ಅದೇ. ಆದರೆ ಊರಿನ ವಿಷಯದಲ್ಲಿ ಉಲ್ಟಾ ಮಾಡ್ತೀವಿ. ರಾಯಚೂರು ಅಂದ್ರ ಬಿಸಿಲು, ಧೂಳು ಅಂತ ಹೊರಗಿನವರು ಅಂದಾಗ ಸಿಟ್ಟಾಗ್ತೀವಿ, ಆಮೇಲೆ ಲೈಕಿನ ಸಲುವಾಗಿ ನಾವೇ ಊರನ್ನ ಇನ್ನೂ ಒಣಗಿಸಿ ತೋರಿಸ್ತೀವಿ.

ಭಾಗ 4

ಹಂಗಾದ್ರ ಈಗ ನಾನು ಮಾಡೋದೇನು ಅಂದ್ರ, ಮೊದಲು ವೈಟ್ ಬ್ಯಾಲೆನ್ಸ್. ಫೋಟೊದಾಗ ನಿಜಕ್ಕೂ ಬಿಳಿ ಇರೋದು ಏನಾದರೂ ಹುಡುಕ್ತೀನಿ, ಅಜ್ಜನ ಧೋತರ, ಸುಣ್ಣದ ಗೋಡೆ. ಅದು ಬಿಳಿ ಆದ ಮೇಲೆನೇ ಮುಂದಿನ ಆಟ. ಆಮೇಲೆ ಕಲರ್ ಗ್ರೇಡಿಂಗ್. ಮೊದಲು ಇದು ಸ್ಪ್ಲಿಟ್ ಟೋನಿಂಗ್ ಅಂತ ಇತ್ತು, ನೆರಳಿಗೊಂದು ಬೆಳಕಿಗೊಂದು ಬಣ್ಣ. 2020ರ ಅಕ್ಟೋಬರ್‌ನಲ್ಲಿ ನಡುವಿನ ಟೋನಿಗೂ ಒಂದು ಚಕ್ರ ಕೊಟ್ಟರು. ನಮ್ಮಂಥವರ ಚರ್ಮ ಹೆಚ್ಚಾಗಿ ಆ ನಡುವಿನ ಟೋನಿನಲ್ಲೇ ಇರ್ತದ. ಅದಕ್ಕೇ ಅದನ್ನ ಮುಟ್ಟೋದು ಬಿಟ್ಟೀನಿ. ಆಟ ಎಲ್ಲ ನೆರಳಿನಲ್ಲಿ, ಅದೂ ಸ್ಯಾಚುರೇಶನ್ 10 ದಾಟಿಸಲ್ಲ. ಆರೆಂಜ್ ಲುಮಿನನ್ಸ್ ಸೊನ್ನೆಯಲ್ಲೇ ಇರಲಿ. ಮುಖ ಕತ್ತಲಾಗಿದ್ರ ಎಕ್ಸ್‌ಪೋಶರ್ ಏರಿಸ್ರಿ, ಎಲ್ಲಾರದೂ ಸಮ ಏರ್ತದ.

ಹುಚ್ಚು ಪ್ರಯೋಗಕ್ಕೆ ನಮ್ಮ ಕೋಟೆ ಅದಲ್ಲ. 1294ರ ಶಾಸನ ಇರೋ ಆ 41 ಅಡಿ ಉದ್ದದ ಬಂಡೆಗಲ್ಲಿಗೆ ಬೇಕಾದ್ರ ನೇರಳೆ ಬಣ್ಣ ಹಾಕ್ರಿ, ಅದೇನೂ ಬೇಜಾರು ಮಾಡ್ಕೊಳ್ಳಲ್ಲ. ಶಕ್ತಿನಗರದ ಚಿಮಣಿಗಳ ಹಿಂದಿನ ಸಂಜೆ ಆಕಾಶಕ್ಕೆ ನಾನು ಟೀಲ್ ಹಾಕೀನಿ, ಚೆಂದ ಬಂದದ. ಯರಿ ಮಣ್ಣಿಗೆ ಮಾತ್ರ ಹುಷಾರು. ನೆರಳಿಗೆ ನೀಲಿ ಜಾಸ್ತಿ ಆತು ಅಂದ್ರ ದೇವದುರ್ಗದ ಹತ್ತಿ ಹೊಲ ಎಲ್ಲ ಡಾಂಬರು ರಸ್ತೆ ಆಗ್ತದ. ಯರಿ ಹೊಲದ ಕಪ್ಪಿನಾಗ ಒಂದು ಕಂದು ಇರ್ತದ, ಮಳೆ ಬಿದ್ದ ಮರುದಿನ ಹೋಗಿ ನೋಡ್ರಿ.

140 ಫೋಟೊನೂ ಮತ್ತೆ ಮಾಡಿದೆ. ಮೂರು ರಾತ್ರಿ ಹಿಡೀತು, ಇಂಟರ್ನಲ್ಸ್ ಬೇರೆ ಇದ್ದವು. ಕಳಿಸೋ ಮೊದಲು ಅಕ್ಕನಿಗೆ ಒಂದೇ ಒಂದು ಕಳಿಸಿ "ಇದರಾಗ ಇದ್ದೀಯೇನು?" ಅಂತ ಕೇಳಿದೆ. ಉತ್ತರ ಬರಲಿಲ್ಲ. ಸಂಜೆ ನೋಡಿದ್ರ ಅವಳ ಡಿಪಿ ಅದೇ ಆಗಿತ್ತು. ಕೈತುಂಬ ಅರಿಷಿಣ, ಅದರ ಕೆಳಗ ಅವಳ ಬಣ್ಣ.

ಮಾನ್ವಿ ಗದ್ದೆ ಫೋಟೊನೂ ಬದಲಿಸಿ ಮಾಮಾಗ ಕಳಿಸಿದೆ. ಅವರಿಗೆ ಟೈಪ್ ಮಾಡೋಕೆ ಬರಲ್ಲ, ವಾಯ್ಸ್ ಮೆಸೇಜ್ ಬಂತು: "ಹಾಂ, ಈಗ ನೋಡು ಕಾಲುವಿ ನೀರು ಬಂದಂಗಾತು."