ಬಿಡಿಯೂ ಇಡಿಯೂ

ಕಳೆದ ವರುಷ ಗೌರೀ ಗಣೇಶರ ಹಬ್ಬಗಳು ಮುಗಿದ ತರುವಾಯ ನಾವು ಸಪತ್ನೀಕರಾಗಿ ಹಾಲೆಂಡ್ ದೇಶದ ಐಂಡ್‌ಹೋವೆನ್ ಪಟ್ಟಣಕ್ಕೆ ಹೋಗಿ, ಅಲ್ಲಿರುವ ಮಗಳ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದು ಬಂದೆವು. ಆ ಕಾರಣದಿಂದ ಈ ಪುಟವು ಕೆಲಕಾಲ ಬರಿದಾಗಿದ್ದುದನ್ನು ವಾಚಕ ಮಹಾಶಯರು ಮನ್ನಿಸಿರುವರೆಂದು ನಂಬಿದ್ದೇವೆ. ಪರದೇಶವನ್ನು ನೋಡಿ ಬಂದವರು ಅಲ್ಲಿಯ ಕಾಲುವೆಗಳನ್ನೂ ಗಾಳಿಯಂತ್ರಗಳನ್ನೂ ವರ್ಣಿಸುವುದು ವಾಡಿಕೆ. ನಾವು ಅವುಗಳನ್ನು ಕಂಡುದು ಸ್ವಲ್ಪ. ಮಳೆಯನ್ನು ಕಂಡುದೇ ಹೆಚ್ಚು. ಆದುದರಿಂದ ಈ ಸಲ ಮನೆಯೊಳಗೇ ನಡೆದ ಒಂದು ಕೆಲಸದ ಸಂಗತಿಯನ್ನು ಬರೆಯುತ್ತೇವೆ.

ನಮ್ಮ ದೌಹಿತ್ರನಿಗೆ ಈಗ ಹನ್ನೊಂದು ವಯಸ್ಸು. ಅವನಿಗೆ ಲೆಗೊ ಎಂಬ ಆಟದ ಇಟ್ಟಿಗೆಗಳಲ್ಲಿ ಬಹಳ ಆಸಕ್ತಿ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬ ಬಡಗಿಯು ೧೯೩೨ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದನು. ಆ ದೇಶದ ಭಾಷೆಯಲ್ಲಿ 'ಚೆನ್ನಾಗಿ ಆಡು' ಎಂಬ ಅರ್ಥ ಕೊಡುವ ಎರಡು ಮಾತುಗಳನ್ನು ಕೂಡಿಸಿ ಅವನು ಈ ಹೆಸರನ್ನಿಟ್ಟನಂತೆ. ಅವನ ಮಗನ ಕಾಲದಲ್ಲಿ, ೧೯೫೮ನೆಯ ಜನವರಿ ೨೮ರಂದು, ಈಗಿನ ರೂಪದ ಇಟ್ಟಿಗೆಗೆ ಹಕ್ಕುಪತ್ರದ ಅರ್ಜಿಯನ್ನು ಹಾಕಿದರು. ಇಟ್ಟಿಗೆಯ ತಲೆಯ ಮೇಲೆ ದುಂಡನೆಯ ಉಬ್ಬುಗಳು, ಹೊಟ್ಟೆಯೊಳಗೆ ಟೊಳ್ಳು ನಳಿಗೆಗಳು. ಒಂದನ್ನು ಇನ್ನೊಂದರ ಮೇಲೆ ಒತ್ತಿದರೆ ಕಚ್ಚಿಕೊಳ್ಳುವುವು, ಎಳೆದರೆ ಬಿಟ್ಟುಕೊಡುವುವು. ಉಬ್ಬಿನಿಂದ ಉಬ್ಬಿಗೆ ೮ ಮಿಲಿಮೀಟರು. ಇಟ್ಟಿಗೆಯ ಎತ್ತರ ೯.೬, ತೆಳುವಾದ ಹಲಗೆಯ ಎತ್ತರ ೩.೨, ಅಂದರೆ ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆ. ಈ ಅಳತೆಯು ಕೂದಲೆಳೆಯಷ್ಟೂ ತಪ್ಪದೆ ನಡೆದುಬಂದಿರುವುದರಿಂದ ೧೯೫೮ರ ಇಟ್ಟಿಗೆಯು ಇಂದು ಕಾರ್ಖಾನೆಯಿಂದ ಹೊರಬಿದ್ದುದನ್ನೂ ಕಚ್ಚುತ್ತದೆ. ಎಂಟು ಉಬ್ಬಿನ ಎರಡು ಇಟ್ಟಿಗೆಗಳನ್ನು ೨೪ ಬಗೆಯಾಗಿ ಜೋಡಿಸಬಹುದು. ಅಂತಹವೇ ಆರನ್ನು ೯೧,೫೧,೦೩,೭೬೫ ಬಗೆಯಾಗಿ ಜೋಡಿಸಬಹುದೆಂದು ಲೆಕ್ಕ ಹಾಕಿದ್ದಾರೆ. ಲೀಲಾವತಿಯ ಅಂಕಪಾಶವನ್ನು ಓದಿದವರಿಗೆ ಇಂತಹ ಲೆಕ್ಕದ ರುಚಿ ತಿಳಿದೇ ಇರುವುದು.

ಹುಡುಗನ ಮನಸ್ಸು ಮಾತ್ರ ಒಂದೇ ಮಾದರಿಯ ಮೇಲೆ ನೆಟ್ಟಿತ್ತು. ಅದು ೨೦೦೮ರಲ್ಲಿ ಬಂದ, ೨,೩೫೨ ತುಂಡುಗಳ, ಮೂರಂತಸ್ತಿನ ಒಂದು ಕಟ್ಟಡ. ಕೆಳಗೆ ತರಕಾರಿಯ ಅಂಗಡಿ, ಮೇಲೆರಡು ಅಂತಸ್ತು ವಾಸದ ಮನೆ. ಮೊದಲು ಅಮೆರಿಕದಲ್ಲಿ ಸುಮಾರು ೧೫೦ ಡಾಲರುಗಳಿಗೆ ಮಾರಿದುದು, ಕಾರ್ಖಾನೆಯವರು ನಿಲ್ಲಿಸಿದ ಮೇಲೆ ದುರ್ಲಭವಾಗಿ, ಒಡೆಯದ ಪೆಟ್ಟಿಗೆಯ ಬೆಲೆಯು ಹಲವು ಮಡಿಯಾಗಿದೆ. "ಅಷ್ಟು ಹಣವನ್ನು ಆಟಿಕೆಗೆ ಸುರಿಯುವುದಿಲ್ಲ" ಎಂದು ಮಗಳು ಖಂಡಿತವಾಗಿ ಹೇಳಿಬಿಟ್ಟಳು. ಆಗ ಅಳಿಯಂದಿರು ಬೇರೊಂದು ದಾರಿಯನ್ನು ತೋರಿಸಿದರು. ಜೋಡಿಸುವ ಕ್ರಮವನ್ನು ತಿಳಿಸುವ ಪುಸ್ತಕವು ಕಾಸಿಲ್ಲದೆ ಸಿಕ್ಕುತ್ತದೆ. ಪ್ರತಿಯೊಂದು ತುಂಡಿಗೂ ಸಂಖ್ಯೆಯುಂಟು. ಒಂದು ಸಾಲಿನಲ್ಲಿ ಎಂಟು ಉಬ್ಬಿರುವ ಇಟ್ಟಿಗೆಗೆ ೩೦೦೮, ಆರು ಉಬ್ಬಿನದಕ್ಕೆ ೩೦೦೯, ನಾಲ್ಕರದಕ್ಕೆ ೩೦೧೦. ಇಂತಹ ಬಿಡಿ ತುಂಡುಗಳನ್ನು ಮಾರುವ ಚಿಕ್ಕ ಚಿಕ್ಕ ವ್ಯಾಪಾರಿಗಳು ನಾನಾ ದೇಶಗಳಲ್ಲಿದ್ದಾರೆ. ಅವರೆಲ್ಲರೂ ಕೂಡುವ ಬ್ರಿಕ್‌ಲಿಂಕ್ ಎಂಬ ಸಂತೆಯು ಅಂತರ್ಜಾಲದಲ್ಲಿ ೨೦೦೦ದಲ್ಲಿ ಮೊದಲಾಯಿತು. ೨೦೧೯ರಲ್ಲಿ ಲೆಗೊ ಸಂಸ್ಥೆಯೇ ಅದನ್ನು ಕೊಂಡುಕೊಂಡಿತು. ಪಟ್ಟಿಯನ್ನು ಬರೆದು, ಒಬ್ಬೊಬ್ಬರಿಂದ ಅಷ್ಟಿಷ್ಟು ತರಿಸಿ, ಇಡಿಯನ್ನು ಬಿಡಿಯಿಂದ ಕಟ್ಟಬಹುದು. ಹುಡುಗನು ಕೂಡಿಟ್ಟ ಹಣವನ್ನು ಹಾಕುವುದೆಂದೂ, ಅಷ್ಟೇ ಹಣವನ್ನು ತಂದೆಯು ಸೇರಿಸುವುದೆಂದೂ, ಲೆಕ್ಕದ ಪುಸ್ತಕವನ್ನು ನಾವು ಇಡುವುದೆಂದೂ ತೀರ್ಮಾನವಾಯಿತು. ಮೂವತ್ತನಾಲ್ಕು ವರುಷ ಹಾಜರಿ ಪುಸ್ತಕವನ್ನು ಬರೆದ ಕೈಗೆ ಇದು ತಕ್ಕ ಕೆಲಸವೇ ಆಗಿತ್ತು.

ಕೆಲಸಕ್ಕೆ ಕೈಯಿಟ್ಟ ಮೇಲೆಯೇ ಅದರ ತೊಡಕು ತಿಳಿದುದು. ಒಬ್ಬ ವ್ಯಾಪಾರಿಯಲ್ಲಿ ತುಂಡು ಅಗ್ಗ, ಅಂಚೆಯ ವೆಚ್ಚ ದುಬಾರಿ. ಇನ್ನೊಬ್ಬನಲ್ಲಿ ಅಂಚೆ ಅಗ್ಗ, ಬೇಕಾದ ಬಣ್ಣವೇ ಇಲ್ಲ. ಮತ್ತೊಬ್ಬನು ಇಂತಿಷ್ಟು ಹಣಕ್ಕೆ ಕಡಿಮೆಯಾದರೆ ಕಳುಹಿಸುವುದೇ ಇಲ್ಲ. ಆದುದರಿಂದ ಎಲ್ಲಕ್ಕಿಂತ ಅಗ್ಗದ ತುಂಡನ್ನು ಹುಡುಕುವವನು ಜಾಣನಲ್ಲ. ಕಡಿಮೆ ಅಂಗಡಿಗಳಲ್ಲಿ ಹೆಚ್ಚು ಬಗೆಯನ್ನು ಕೂಡಿಸಿಕೊಳ್ಳುವವನೇ ಜಾಣನು. ಜರ್ಮನಿಯಿಂದಲೂ ಪೋಲೆಂಡಿನಿಂದಲೂ ಬೆಲ್ಜಿಯಮ್ಮಿನಿಂದಲೂ ಲಕೋಟೆಗಳು ಬರತೊಡಗಿದವು. ಹಳೆಯ ತುಂಡುಗಳನ್ನು ನಮ್ಮ ಗೃಹಿಣಿಯು ಉಗುರುಬೆಚ್ಚಗಿನ ಸಾಬೂನಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಸಂಡಿಗೆ ಹರವಿದಂತೆ ಹರವುತ್ತಿದ್ದಳು. ಕೃತಕ ಮಾಲನ್ನು ಕಂಡುಹಿಡಿದವಳೂ ಅವಳೇ. ನಿಜವಾದ ಇಟ್ಟಿಗೆಯ ಪ್ರತಿಯೊಂದು ಉಬ್ಬಿನ ಮೇಲೂ ಸಂಸ್ಥೆಯ ಹೆಸರು ಸಣ್ಣಕ್ಷರದಲ್ಲಿ ಎದ್ದಿರುತ್ತದೆ. ಒಂದು ಲಕೋಟೆಯಲ್ಲಿ ಬಂದವುಗಳ ತಲೆಯು ಬೋಳಾಗಿತ್ತು. ಅಳಿಯಂದಿರು ಬರೆದ ಕಾಗದಕ್ಕೆ ಆ ವ್ಯಾಪಾರಿಯು ಮರುಮಾತಾಡದೆ ಹಣವನ್ನು ಹಿಂತಿರುಗಿಸಿದನು.

ನಮ್ಮಿಂದಲೂ ಒಂದು ಪ್ರಮಾದವಾಯಿತು. ಈ ಸಂಸ್ಥೆಯವರು ೨೦೦೪ರ ಸುಮಾರಿಗೆ ತಮ್ಮ ಬೂದು ಬಣ್ಣವನ್ನು ಬದಲಾಯಿಸಿ, ಅದಕ್ಕೆ ತುಸು ನೀಲಿಯ ಛಾಯೆಯನ್ನು ಕೊಟ್ಟರು. ಹಳೆಯ ಬೂದನ್ನೂ ಹೊಸ ಬೂದನ್ನೂ ನಾವು ದೀಪದ ಬೆಳಕಿನಲ್ಲಿ ಒಂದೇ ಡಬ್ಬಿಗೆ ಹಾಕಿಬಿಟ್ಟೆವು. ಮರುದಿನ ಕಿಟಕಿಯ ಬಳಿ ನೋಡಿದರೆ ಗಂಧದ ಪುಡಿಗೂ ವಿಭೂತಿಗೂ ಇರುವಷ್ಟು ಭೇದ! ಹುಡುಗನು ನಗದೆ, ಗೊಣಗದೆ, ನಮ್ಮ ಜೊತೆಯಲ್ಲಿಯೇ ಕುಳಿತು ಎಲ್ಲವನ್ನೂ ಬೇರ್ಪಡಿಸಿದನು.

ಅತ್ಯಂತ ಕಷ್ಟಕ್ಕೆ ಬಂದುದು ಗೋಡೆಯ ಹಸಿರು. ಅದು ಎಲೆಯ ಹಸಿರಲ್ಲ. ಕಿಲುಬು ಹಿಡಿದ ತಾಮ್ರದ ತಂಬಿಗೆಯ ಬಣ್ಣ. ಆ ಬಣ್ಣದ ಉದ್ದಿಟ್ಟಿಗೆಗಳು ಬಹಳ ಕಾಲ ದುರ್ಲಭವಾಗಿದ್ದುದರಿಂದ ಒಂದೊಂದಕ್ಕೂ ವಿಪರೀತ ಬೆಲೆ. ಅನೇಕರು ಸೋತು ಬೇರೆ ಬಣ್ಣದಲ್ಲಿ ಕಟ್ಟಿ ಸಮಾಧಾನಪಡುವರಂತೆ. ನಮ್ಮ ಹುಡುಗನು ಒಪ್ಪಲಿಲ್ಲ. ನಾಲ್ಕು, ಎರಡು, ಮತ್ತೆ ಮೂರು, ಹೀಗೆ ಕೂಡಿಸುತ್ತ ಬಂದು, ಎರಡನೆಯ ಅಂತಸ್ತಿಗೆ ಇನ್ನು ಎಂಟು ಉಬ್ಬಿನವು ಎರಡು ಮಾತ್ರ ಬಾಕಿಯೆಂದು ಪುಸ್ತಕದಲ್ಲಿ ಬರೆದುಕೊಂಡೆವು. ಅವು ಪೋಲೆಂಡಿನಿಂದ ಬರಬೇಕಾಗಿದ್ದವು.

ಒಂದು ಭಾನುವಾರದ ಸಂಜೆ ಪುಸ್ತಕವನ್ನು ತೆರೆದು ಗುರುತು ಹಾಕುತ್ತಿದ್ದೆವು. ಹಿಂದಿನ ದಿನ ಹುಡುಗನು ಸಹಪಾಠಿಯೊಬ್ಬನ ಮನೆಗೆ ಆಡಲು ಹೋಗಿ ಬಂದಿದ್ದನು. ಮೇಜಿನ ಮೇಲೆ ಎರಡನೆಯ ಅಂತಸ್ತಿನ ಗೋಡೆಯು ಎಲ್ಲಿಯೂ ಬಿರುಕಿಲ್ಲದೆ ನಿಂತಿದೆ. ಪುಸ್ತಕದಲ್ಲಿ ನೋಡಿದರೆ ಎರಡು ಇಟ್ಟಿಗೆ ಬಂದೇ ಇಲ್ಲ. ಬೂದು ಬಣ್ಣದ ಪ್ರಮಾದವು ನೆನಪಿನಲ್ಲಿದ್ದುದರಿಂದ ನಮ್ಮ ಲೆಕ್ಕವೇ ತಪ್ಪಿರಬೇಕೆಂದು ಮೂರು ಸಲ ಎಣಿಸಿದೆವು. ಲೆಕ್ಕ ಸರಿಯಾಗಿಯೇ ಇತ್ತು.

"ಮಗು, ಪೋಲೆಂಡಿನ ಲಕೋಟೆ ಬಂದಿತೇ?" ಎಂದು ಕೇಳಿದೆವು.

"ಇಲ್ಲ ತಾತ."

"ಹಾಗಾದರೆ ಗೋಡೆ ಮುಗಿದುದು ಹೇಗೆ?"

ಅವನು ಬಹಳ ಹೊತ್ತು ಸುಮ್ಮನಿದ್ದು, "ಅವನ ಪೆಟ್ಟಿಗೆಯಲ್ಲಿ ಸಾವಿರಾರು ಇವೆ ತಾತ. ಎರಡು ಹೋದರೆ ಅವನಿಗೆ ಗೊತ್ತೇ ಆಗುವುದಿಲ್ಲ" ಎಂದನು.

ವಾಚಕರೇ, ಇಲ್ಲಿ ನಮ್ಮ ಹಳೆಯ ತಪ್ಪೊಂದನ್ನು ಹೇಳಬೇಕಾಗಿದೆ. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಡುಗನೊಬ್ಬನು ಪಕ್ಕದವನ ಕೈವಾರವನ್ನು ತೆಗೆದುಕೊಂಡುದನ್ನು ಹಿಡಿದೆವು. ತರಗತಿಯ ಎದುರಿಗೆ ಅವನನ್ನು ನಿಲ್ಲಿಸಿ, ಕೈವಾರವನ್ನು ಎತ್ತಿ ತೋರಿಸಿ, ಅಸ್ತೇಯವನ್ನು ಕುರಿತು ಅರ್ಧಗಂಟೆ ಉಪದೇಶ ಮಾಡಿದೆವು. ಅವನು ಮರುದಿನ ಬರಲಿಲ್ಲ. ಆ ವಾರ ಬರಲಿಲ್ಲ. ಮತ್ತೆಂದೂ ನಮ್ಮ ಶಾಲೆಗೆ ಬರಲಿಲ್ಲ. ಕೈವಾರವೇನೋ ಒಡೆಯನಿಗೆ ಸೇರಿತು. ಹುಡುಗನು ಏನಾದನೆಂಬುದು ಇಂದಿಗೂ ನಮಗೆ ತಿಳಿಯದು.

ಆದುದರಿಂದ ಈ ಸಲ ಶ್ಲೋಕವನ್ನು ಹೇಳಲಿಲ್ಲ. ಲೆಕ್ಕದ ಪುಸ್ತಕವನ್ನು ಅವನ ಮುಂದಿಟ್ಟು, "ಈ ಎರಡನ್ನು ಯಾವ ಅಂಗಡಿಯ ಹೆಸರಿನಲ್ಲಿ ಬರೆಯಲಿ? ನೀನೇ ಹೇಳು" ಎಂದೆವು. ಅವನು ಪುಸ್ತಕವನ್ನು ನೋಡಿದನು, ಕಣ್ಣು ತುಂಬಿಕೊಂಡಿತು. "ಅಮ್ಮನಿಗೆ ಹೇಳಬೇಡಿ ತಾತ" ಎಂದನು. "ನಾನು ಹೇಳುವುದಿಲ್ಲ. ಆದರೆ ಇವು ಹೋಗಬೇಕಾದ ಕಡೆಗೆ ಹೋಗಬೇಕು" ಎಂದೆವು. ತಾಯಿಗೆ ಮರೆಮಾಡುವ ಮಾತನ್ನು ಕೊಟ್ಟುದು ಸರಿಯೋ ತಪ್ಪೋ ಎಂದು ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಕಟ್ಟಿದ ಗೋಡೆಯಿಂದ ಎರಡು ಇಟ್ಟಿಗೆಗಳನ್ನು ತೆಗೆಯುವುದು ಸುಲಭವಲ್ಲ. ಮೇಲಿನ ವರಸೆಗಳನ್ನೂ ಕಿಟಕಿಯನ್ನೂ ಬಿಚ್ಚಬೇಕು. ಒಂದನ್ನು ಹಿಡಿದೆಳೆದರೆ ಜೊತೆಯವೆಲ್ಲ ಎದ್ದು ಬರುವುವು. ಅವನು ಬಿಚ್ಚುತ್ತಿರುವುದನ್ನು ನೋಡುತ್ತ ನಮಗೆ ಹಿಂದೆ ಓದಿದ ಅವಯವ-ಅವಯವಿಗಳ ವಾದವು ನೆನಪಾಯಿತು. ರಥವೆಂದರೆ ಚಕ್ರವೂ ಅಲ್ಲ, ಅಚ್ಚೂ ಅಲ್ಲ, ನೊಗವೂ ಅಲ್ಲ. ಅದು ಬರಿಯ ಒಂದು ಹೆಸರು ಎಂದು ನಾಗಸೇನ ಭಿಕ್ಷುವು ಮಿಲಿಂದ ರಾಜನಿಗೆ ಹೇಳಿದನು. ನೈಯಾಯಿಕರು ಇದನ್ನೊಪ್ಪರು. ಅವಯವಗಳು ಸೇರಿದಲ್ಲಿ ಅವುಗಳಿಗಿಂತ ಬೇರೆಯಾದ ಅವಯವಿಯೊಂದು ಹುಟ್ಟುತ್ತದೆ. ಹಾಗಿಲ್ಲದಿದ್ದರೆ ಒಂದು ಕಡೆ ಹಿಡಿದರೆ ಇಡಿಯ ವಸ್ತುವು ನಿಲ್ಲುವುದೂ, ಒಂದು ಕಡೆ ಎಳೆದರೆ ಇಡಿಯು ಬರುವುದೂ ಹೇಗೆ ಸಾಧ್ಯವೆಂದು ಅವರ ಪ್ರಶ್ನೆ. ವಿದ್ಯಾರ್ಥಿದೆಶೆಯಲ್ಲಿ ಇದು ಬರಿಯ ತರ್ಕವೆಂದು ತೋರಿತ್ತು. ಆ ಸಂಜೆ ಕಣ್ಣೆದುರಿಗೇ ಎರಡು ಇಟ್ಟಿಗೆಗಳಿಗಾಗಿ ಅರ್ಧ ಮನೆಯು ಕೆಳಗಿಳಿಯಿತು.

ಮಾರನೆಯ ದಿನ ಕೊಡೆ ಹಿಡಿದು ಇಬ್ಬರೂ ಆ ಗೆಳೆಯನ ಮನೆಗೆ ನಡೆದೆವು. ಬಾಗಿಲಲ್ಲಿ ನಿಂತು ಹುಡುಗನು ಡಚ್ ಭಾಷೆಯಲ್ಲಿ ಏನು ಹೇಳಿದನೋ ನಮಗೆ ತಿಳಿಯಲಿಲ್ಲ. ಹೇಳುವಾಗ ಜೇಬಿನಿಂದ ಕೈಯನ್ನು ತೆಗೆದು ಇಟ್ಟಿಗೆಗಳನ್ನು ಮುಂದೆ ಹಿಡಿದುದನ್ನು ಮಾತ್ರ ಕಂಡೆವು. ಗೆಳೆಯನು ಅವುಗಳನ್ನು ತಿರುಗಿಸಿ ನೋಡಿ, ಒಳಗೆ ಹೋಗಿ ಪೆಟ್ಟಿಗೆಗೆ ಹಾಕಿ ಬಂದನು. ಅಷ್ಟೇ. ಹಿಂತಿರುಗುವಾಗ ನಮ್ಮ ಹುಡುಗನು, "ನೀನೇ ಇಟ್ಟುಕೋ ಎನ್ನಬಹುದೆಂದುಕೊಂಡಿದ್ದೆ ತಾತ" ಎಂದನು. "ಹಾಗೆನ್ನಲೇಬೇಕೆಂಬ ಹಂಗು ಅವನಿಗಿಲ್ಲವಲ್ಲ" ಎಂದೆವು. ಮನೆ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಎರಡು ದಿನಗಳ ಮೇಲೆ ಅವನೇ ತಾಯಿಗೆ ಎಲ್ಲವನ್ನೂ ಹೇಳಿಕೊಂಡನು. ಮಗಳು ನಮ್ಮನ್ನು ನೋಡಿ, "ನಿಮಗೆ ಮೊದಲೇ ಗೊತ್ತಿತ್ತೇ ಅಪ್ಪಾ?" ಎಂದಳು. ಗೊತ್ತಿತ್ತೆಂದು ಒಪ್ಪಿಕೊಂಡೆವು. ಅವಳು ಸ್ವಲ್ಪ ಮುನಿಸಿಕೊಂಡುದೂ ನ್ಯಾಯವೇ.

ಪೋಲೆಂಡಿನ ಲಕೋಟೆಯು ಹತ್ತು ದಿನ ತಡವಾಗಿ ಬಂದಿತು. ಎರಡರಲ್ಲಿ ಒಂದು ಇಟ್ಟಿಗೆಯು ಬಿಸಿಲಿಗೆ ಸಿಕ್ಕಿ ತುಸು ಬಣ್ಣಗೆಟ್ಟಿತ್ತು. ಅದನ್ನು ಹಿಂಭಾಗದ ಗೋಡೆಗೆ ಹಾಕಿ ಹುಡುಗನು ಮುಂದುವರಿಸಿದನು. ಮೂರನೆಯ ಅಂತಸ್ತು ಏಳುವ ಮೊದಲೇ ನಾವು ಊರಿಗೆ ಹೊರಟೆವು; ಸಂಕ್ರಾಂತಿಯ ವೇಳೆಗೆ ಮುಗಿದ ಮನೆಯ ಚಿತ್ರವು ಬಂದಿತು. ಅವನು ಅದನ್ನು ಹಿಂದಿನಿಂದ ತೆಗೆದಿದ್ದನು. ಬಣ್ಣಗೆಟ್ಟ ಇಟ್ಟಿಗೆಯು ಚೆನ್ನಾಗಿ ಕಾಣುತ್ತಿತ್ತು.

ನಮ್ಮ ದೇಶದಲ್ಲಿದ್ದುಕೊಂಡು ಇಂತಹ ಕೆಲಸಕ್ಕೆ ಕೈಹಾಕುವ ಗೃಹಸ್ಥರಿಗೆ ಒಂದೆರಡು ಮಾತು. ಹೊರದೇಶದ ಆಟಿಕೆಗಳ ಮೇಲಿನ ಸುಂಕವನ್ನು ೨೦೨೦ರಲ್ಲಿ ನೂರಕ್ಕೆ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿಸಿದರು. ಆದುದರಿಂದ ತರಿಸುವ ಮೊದಲು ಅಂಚೆ ಸುಂಕಗಳನ್ನು ಸೇರಿಸಿ ಲೆಕ್ಕ ಹಾಕಿರಿ. ಮನೆಯಲ್ಲಿ ಈಗಾಗಲೇ ಇರುವ ತುಂಡುಗಳನ್ನು ಮೊದಲು ಎಣಿಸಿರಿ. ಇಟ್ಟಿಗೆಗಳೇ ಆಗಬೇಕೆಂದೇನೂ ಇಲ್ಲ. ಹಳೆಯ ಮಾಸಪತ್ರಿಕೆಗಳ ಸಂಚಿಕೆಗಳನ್ನು ಒಂದೊಂದಾಗಿ ಹುಡುಕಿ ಸಂಪುಟ ಕಟ್ಟಿಸುವವರಿಗೂ, ತಾತನ ಕಾಲದ ಚದುರಂಗಕ್ಕೆ ಕಳೆದ ಕಾಯಿಯನ್ನು ಅರಸುವವರಿಗೂ ಇದೇ ದಾರಿ. ಮಕ್ಕಳನ್ನು ಜೊತೆಗಿಟ್ಟುಕೊಳ್ಳಿರಿ, ಪುಸ್ತಕವನ್ನು ಅವರ ಕಣ್ಣಿಗೆ ಕಾಣುವಲ್ಲಿಡಿರಿ. ಬಂದ ಪ್ರತಿಯೊಂದರ ಎದುರಿಗೂ ಅದು ಎಲ್ಲಿಂದ ಬಂದಿತೆಂಬುದನ್ನು ಬರೆಯಿರಿ. ಬರೆಯಲು ಬಾರದ ವಸ್ತುವೊಂದು ಬಂದರೆ ಗೋಡೆಯನ್ನು ಬಿಚ್ಚಲು ಬೇಸರಪಡಬೇಡಿರಿ.