ಹೊಸ ಸುರಕ್ಷತಾ ಸಂಹಿತೆ ಮತ್ತು ಹೊಲದ ಕೂಲಿಕಾರರು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದೇಶದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾರ್ಖಾನೆ, ಗಣಿ, ಕಟ್ಟಡ ನಿರ್ಮಾಣ, ಪ್ಲಾಂಟೇಷನ್ ಮುಂತಾದ ಕ್ಷೇತ್ರಗಳ 13 ಕಾಯ್ದೆಗಳನ್ನು ಇದು ಒಗ್ಗೂಡಿಸಿದೆ. ಕಾರ್ಮಿಕರಿಗೆ ನೇಮಕಾತಿ ಪತ್ರ ಹಾಗೂ ನಿಗದಿತ ವಯೋಮಾನದವರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಒದಗಿಸುವುದು ಇದರ ಮುಖ್ಯಾಂಶಗಳು.

ಆದರೆ ಸಂಹಿತೆಯು ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಇಬ್ಬರು ಮೂವರು ಕೂಲಿಕಾರರಿಂದ ಪೀಡೆನಾಶಕ ಸಿಂಪಡಿಸುವ ಸಣ್ಣ ಹಿಡುವಳಿಗಳು ಬಹುಮಟ್ಟಿಗೆ ಅದರ ವ್ಯಾಪ್ತಿಯ ಹೊರಗೆ ಉಳಿಯುತ್ತವೆ. ಅಪಾಯ ಮಾತ್ರ ಅಲ್ಲಿ ಕಡಿಮೆಯಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಬೆಳೆಗೆ ಸಿಂಪರಣೆ ಕೈಗೊಂಡ ಹಲವು ರೈತರು ಹಾಗೂ ಕೂಲಿಕಾರರು ವಿಷಬಾಧೆಯಿಂದ ಮೃತಪಟ್ಟರು.

ಆದ್ದರಿಂದ ಇಂತಹ ಹೊಲಗಳಲ್ಲಿ ಸುರಕ್ಷತೆಯ ಹೊಣೆಯನ್ನು ಜಮೀನಿನ ಮಾಲೀಕರೇ ಹೊರಬೇಕಾಗುತ್ತದೆ. ಕೂಲಿಯೊಂದಿಗೆ ಕೈಗವಸು, ಮುಖಗವಸು, ಕನ್ನಡಕ, ತುಂಬುತೋಳಿನ ಅಂಗಿಗಳನ್ನೂ ಒದಗಿಸತಕ್ಕದ್ದು. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿದ್ದರೆ ಅದು ಅತ್ಯಂತ ವಿಷಕಾರಿ ಎಂದು ತಿಳಿಯಬೇಕು. ತಲೆಸುತ್ತು, ವಾಂತಿ, ದೃಷ್ಟಿ ಮಂಜಾಗುವಿಕೆ ಕಂಡುಬಂದಲ್ಲಿ ಕೂಡಲೇ ಕೆಲಸ ನಿಲ್ಲಿಸಿ, ಆ ಡಬ್ಬಿಯ ಲೇಬಲ್ ಸಹಿತ ಆಸ್ಪತ್ರೆಗೆ ಕರೆದೊಯ್ಯಬೇಕು. ವಿಸ್ತರಣಾ ಕಾರ್ಯಕರ್ತರು ಸಿಂಪರಣೆಯ ಹಂಗಾಮಿಗೆ ಮುನ್ನವೇ ಕೂಲಿಕಾರರಿಗೂ ಈ ತರಬೇತಿ ನೀಡುವುದು ಸೂಕ್ತ.