ಒಂದು ವಾರ್ತೆ, ಎರಡು ಕಂಠ

ಕಳೆದ ತಿಂಗಳು ಗುಬ್ಬಿಯ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಕುಳಿತಿದ್ದೆ. ಟಿ.ವಿ.ಯಲ್ಲಿ ವಾರ್ತೆ ನಡೆದಿತ್ತು. ಆ ಮನೆಯ ಬಾಲಕಿ, "ತಾತಾ, ಒಂದು ವಾರ್ತೆ ಓದೋಕೆ ಇಬ್ಬರು ಯಾಕೆ? ಒಬ್ಬರಿಗೆ ಬರಲ್ವಾ?" ಎಂದು ಕೇಳಿದಳು. ಹಿರಿಯರು ಗದರಿಸಹೋದರು; ನಾನು ತಡೆದೆ. ಪ್ರಶ್ನೆ ನಗತಕ್ಕದ್ದಾಗಿರಲಿಲ್ಲ.

ಬಂಧುಗಳೇ, ಒಂದೇ ಕಂಠವನ್ನು ಬಹುಕಾಲ ಕೇಳಿದ ಕಿವಿ ಮಂಕಾಗುತ್ತದೆ. ಕಂಠ ಬದಲಾದೊಡನೆ ವಿಷಯವೂ ಬದಲಾಯಿತೆಂದು ಮನಸ್ಸು ಎಚ್ಚರಗೊಳ್ಳುತ್ತದೆ. ಒಬ್ಬರು ಓದುತ್ತಿರುವಾಗ ಮತ್ತೊಬ್ಬರು ಮುಂದಿನ ಹಾಳೆಯನ್ನು ನೋಡಿಕೊಳ್ಳುತ್ತಾರೆ, ಕಿವಿಯೊಳಗಿನ ಪುಟ್ಟ ಯಂತ್ರದಲ್ಲಿ ಬರುವ ಸೂಚನೆಯನ್ನು ಕೇಳಿಸಿಕೊಳ್ಳುತ್ತಾರೆ. ಅಮೆರಿಕದ ಎನ್‌ಬಿಸಿ ಸಂಸ್ಥೆಯು 1956ರಲ್ಲಿ ಹಂಟ್ಲಿ, ಬ್ರಿಂಕ್ಲಿ ಎಂಬಿಬ್ಬರನ್ನು ಜೋಡಿ ಮಾಡಿತು. ಒಬ್ಬರು ನ್ಯೂಯಾರ್ಕಿನಲ್ಲಿ, ಇನ್ನೊಬ್ಬರು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕುಳಿತು ವಾರ್ತೆ ಹೇಳುತ್ತಿದ್ದರು. 1970ರವರೆಗೂ ಆ ಜೋಡಿ ನಡೆಯಿತು.

ಗುಬ್ಬಿಯವರಿಗೆ ಇದನ್ನು ತಿಳಿಸಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. 1884ರಲ್ಲಿ ಆ ಊರಿನಲ್ಲೇ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿಗೆಲ್ಲ ಪರಿಚಯಿಸಿದರು. ಕಂಪನಿ ನಾಟಕಗಳಲ್ಲಿ ಮುಂದಿನ ಪರದೆ ಇಳಿದಾಗ ಹಾಸ್ಯಗಾರನು ಅದರೆದುರು ನಿಂತು ಸಭೆಯನ್ನು ನಗಿಸುತ್ತಿದ್ದನು. ಅಷ್ಟರಲ್ಲಿ ಹಿಂದೆ ಅರಮನೆಯೋ ಅಡವಿಯೋ ಸಿದ್ಧವಾಗುತ್ತಿತ್ತು. ದೂರದೂರಿನ ಚಿತ್ರ ಬಾರದೆ ನಿಂತಾಗ ಎರಡನೆಯ ವಾಚಕರು ಮಾಡುವುದೂ ಅದನ್ನೇ.

2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗಲೂ, ಮರುದಿನದ ಅಂತ್ಯವಿಧಿಗಳ ಕಾಲದಲ್ಲೂ ತುಮಕೂರಿಗೆ ಬರಲಾಗದವರು ಮನೆಯಲ್ಲೇ ಕುಳಿತು ಎಲ್ಲವನ್ನೂ ಕಂಡರು. ಸ್ಟುಡಿಯೋದಲ್ಲಿ ಕುಳಿತವರೊಬ್ಬರು, ಮಠದ ಜನಸಾಗರದ ನಡುವೆ ನಿಂತವರೊಬ್ಬರು. ಅಂಥ ದಿನ ಒಂಟಿ ಕಂಠದಿಂದಾಗುವ ಕೆಲಸವಲ್ಲ ಅದು. ಆದರೆ ಕೆಲವೊಮ್ಮೆ ಇಬ್ಬರೂ ತಮ್ಮತಮ್ಮಲ್ಲೇ ಹರಟುತ್ತ ನಗುತ್ತ ವಾರ್ತೆಯನ್ನು ಮೂಲೆಗೆ ತಳ್ಳುವುದುಂಟು; ಅದಕ್ಕಿಂತ ಒಬ್ಬರೇ ಗಂಭೀರವಾಗಿ ಓದುವುದು ಮೇಲು.

ನಮ್ಮ ಪುರಾಣಶ್ರವಣದಲ್ಲಿಯೂ ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು ಎಂಬ ಪದ್ಧತಿಯಿದೆ. ಕುಣಿಗಲ್ ಸೀಮೆಯ ಹಳ್ಳಿಯೊಂದರಲ್ಲಿ ಪ್ರತಿ ಶ್ರಾವಣದಲ್ಲಿ ಚಾಮರಸನ ಪ್ರಭುಲಿಂಗಲೀಲೆಗೆ ನಾನು ಅರ್ಥ ಹೇಳುತ್ತ ಬಂದವನು. ಬಹುಕಾಲ ಜೊತೆಯಲ್ಲಿ ಓದುತ್ತಿದ್ದವರ ಕಂಠ ಕೆಟ್ಟಿತು. ಹೋದ ವರ್ಷ ಓದುವುದನ್ನೂ ನಾನೇ ವಹಿಸಿಕೊಂಡೆ. ಸ್ವಲ್ಪ ಅಹಂಕಾರವೂ ಇತ್ತೆಂದು ಒಪ್ಪಬೇಕು. ಮೂರನೆಯ ದಿನ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿದವು. ನನಗೆ ತಿಳಿಯಲೇ ಇಲ್ಲ. ಮಂಗಳವಾದ ಮೇಲೆ ಕಂಬಕ್ಕೊರಗಿ ಕುಳಿತಿದ್ದ ವೃದ್ಧೆಯೊಬ್ಬರು, "ಗುರುಗಳೇ, ಪ್ರಭುದೇವರು ಹೊರಟಿದ್ದು ಕೇಳ್ದೆ, ಊರು ಸೇರಿದ್ದು ಕೇಳ್ಲಿಲ್ವಲ್ಲಾ" ಎಂದರು. ಇಬ್ಬರಿದ್ದಾಗ ಹೀಗಾಗುತ್ತಿರಲಿಲ್ಲ. ಅರ್ಥ ಹೇಳುವವನಿಗೆ ಕೊಂಡಿ ತಪ್ಪಿದ್ದು ಕೂಡಲೇ ತಿಳಿಯುತ್ತಿತ್ತು, "ಇನ್ನೊಮ್ಮೆ ಓದಿ" ಎನ್ನುತ್ತಿದ್ದನು. ತಾನೇ ಓದಿ ತಾನೇ ಅರ್ಥ ಹೇಳುವವನನ್ನು ತಡೆಯುವವರಾರು?

ಇದನ್ನೆಲ್ಲ ಆ ಬಾಲಕಿಗೆ ಹೇಳಿ, ಚೀಲದಲ್ಲಿದ್ದ ಗ್ರಂಥವನ್ನು ಕೈಗಿತ್ತೆ. ಪದ ಬಿಡಿಸುವಲ್ಲಿ ಎಡವಿದಳು. ಕಂಠ ಮಾತ್ರ ನಿರ್ಮಲ. ಈ ಶ್ರಾವಣಕ್ಕೆ ತಂದೆಯವರೊಡನೆ ಬರುವೆಯಾ ಎಂದು ಕೇಳಿದೆ.

"ಓದ್ತೀನಿ ತಾತಾ. ಅರ್ಥ ಮಾತ್ರ ನೀವೇ ಹೇಳ್ಬೇಕು" ಎಂದಳು.